ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್

ಕೇಳುಗರಿಗೆ ನಮಸ್ಕಾರ. ನಾನು ಕಲಬುರಗಿಯ ಕೋರ್ಟಿನಲ್ಲಿ ವಕೀಲಿ ಮಾಡುವವಳು. ರೇಡಿಯೊ ಹಚ್ಚಿಟ್ಟು ರೊಟ್ಟಿ ಬಡಿಯುತ್ತಿರುವ ಅವ್ವಂದಿರು, ಕಾಲೇಜಿಗೆ ಹೊರಟ ಹೆಣ್ಣುಮಕ್ಕಳು, ಇಬ್ಬರೂ ಕೇಳಬೇಕು ಅಂತ ನನ್ನ ಆಸೆ. ಫೋನಿನಲ್ಲಿ ಯಾರಾದರೂ ಬೆನ್ನು ಹತ್ತಿದರೆ ಒಂದೇ ಮಾತು ನೆನಪಿಡಿ. ಬಂದ ಮೆಸೇಜ್ ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್.

ಆಳಂದ ಕಡೆಯ ಒಬ್ಬ ಹುಡುಗಿ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ಡಿಗ್ರಿ ಓದುತ್ತಿದ್ದಳು. ಇನ್‌ಸ್ಟಾಗ್ರಾಂನಲ್ಲಿ ಯಾರೋ ‘ಹಾಯ್’ ಅಂದ. ಇವಳು ಸುಮ್ನಿದ್ದಳು. ಮರುದಿನ ‘ಹಸಿರು ಚೂಡಿದಾರ ಚೆಂದ ಇತ್ತು’ ಅಂತ ಬರೆದ. ಹೆದರಿ ಅಳಿಸಿದಳು, ಬ್ಲಾಕ್ ಮಾಡಿದಳು. ಬೇರೆ ಹೆಸರಲ್ಲಿ ಮತ್ತೆ ಬಂದ. ‘ನೀ ಯಾವ ಸೀಟಿಗೆ ಕೂಡ್ತಿ ಗೊತ್ತದ’ ಅಂದ. ಅದನ್ನೂ ಅಳಿಸಿದಳು. ಅಪ್ಪ ನೋಡಿದರೆ ಫೋನ್ ಕಸಿದುಕೊಂಡು ಕಾಲೇಜು ಬಿಡಿಸುತ್ತಾನೆ ಅನ್ನೋ ಭಯ. ಅವನಿಗೆ ಬಸ್ಸು ಗೊತ್ತಾದದ್ದು ಹೇಗೆ? ಇವಳು ಕಿಟಕಿ ಪಕ್ಕ ಕೂತು ದಿನಾ ಸ್ಟೋರಿ ಹಾಕುತ್ತಿದ್ದಳು, ಬಸ್ಸಿನ ಬೋರ್ಡು ಸಮೇತ. ಅಕೌಂಟ್ ಪಬ್ಲಿಕ್ ಇತ್ತು. ಕಡೆಗೆ ಚಿಗವ್ವನ ಜೊತೆ ಠಾಣೆಗೆ ಹೋದಾಗ ‘ಮೆಸೇಜ್ ತೋರಿಸಮ್ಮ’ ಅಂದರು. ತೋರಿಸೋಕೆ ಒಂದೂ ಉಳಿದಿರಲಿಲ್ಲ.

ಚಿಗವ್ವ ಗಟ್ಟಿ ಹೆಂಗಸು. ಹುಡುಗಿಯನ್ನು ನನ್ನ ಹತ್ತಿರ ಕರಕೊಂಡು ಬಂದಳು. ಅವನು ಮತ್ತೆ ಬಂದೇ ಬರುತ್ತಾನೆ, ಈ ಸಲ ಅಳಿಸಬೇಡ ಅಂದೆ. ಬಂದ. ‘ನನಗೆ ಇಷ್ಟವಿಲ್ಲ, ಮೆಸೇಜ್ ಮಾಡಬೇಡ’ ಅಂತ ಒಂದೇ ಸಲ ಬರೆದಳು. ಅದರದ್ದೂ ಸ್ಕ್ರೀನ್‌ಶಾಟ್ ಇಟ್ಟುಕೊಂಡಳು. ಈ ಒಂದು ಸಾಲಿಗೆ ಬಹಳ ತೂಕ. ಬೇಡ ಅಂತ ತಿಳಿಸಿದ ಮೇಲೂ ಗಂಡಸು ಹೆಣ್ಣುಮಗಳ ಬೆನ್ನು ಬಿಡದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ 5 ವರ್ಷದವರೆಗೆ. ಅವಳ ದೂರು ದಾಖಲಾಯಿತು. ಪೊಲೀಸರು ಹುಡುಕಿದಾಗ ಗೊತ್ತಾಯಿತು, ಅವನು ಅದೇ ಬಸ್ಸಿನಲ್ಲಿ ಹಿಂದೆ ಕೂಡುತ್ತಿದ್ದವನು.

ಸ್ಕ್ರೀನ್‌ಶಾಟ್ ಹೇಗಿರಬೇಕು? ತಾರೀಖು, ಸಮಯ ಕಾಣಬೇಕು. ಅವನ ಪ್ರೊಫೈಲ್ ತೆರೆದು ಯೂಸರ್‌ನೇಮ್ ಸಮೇತ ತೆಗೆಯಿರಿ, ಲಿಂಕ್ ಕಾಪಿ ಮಾಡಿ. ನಾಳೆ ತೆಗೆದರಾಯ್ತು ಅನ್ನಬೇಡಿ. ಕಳಿಸಿದವನು ತನ್ನ ಮೆಸೇಜನ್ನು ನಿಮ್ಮ ಫೋನಿನಿಂದಲೂ ಅಳಿಸಬಲ್ಲ. ಅಕ್ಕನಿಗೋ ಗೆಳತಿಗೋ ಒಂದು ಪ್ರತಿ ಕಳಿಸಿಡಿ.

ಅಪ್ಪಂದಿರಿಗೂ ಒಂದು ಮಾತು. ‘ಇವಳು ಫೋಟೊ ಯಾಕೆ ಹಾಕಿದಳು’ ಅನ್ನೋ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ತಪ್ಪು ಬೆನ್ನು ಹತ್ತಿದವನದು. ನೀವು ಬೈದರೆ ಮಗಳು ಮುಚ್ಚಿಡುತ್ತಾಳೆ, ಮೆಸೇಜ್ ಅಳಿಸುತ್ತಾಳೆ. ಅವನಿಗೆ ಬೇಕಾದದ್ದೂ ಅದೇ ಅಲ್ವಾ?

ಉಳಿದದ್ದು ಬೇಗ ಹೇಳುತ್ತೇನೆ, ಸಮಯ ಮುಗಿಯುತ್ತಿದೆ. ಇನ್‌ಸ್ಟಾಗ್ರಾಂ ಅಕೌಂಟ್ ಪ್ರೈವೇಟ್ ಮಾಡಿ. ವಾಟ್ಸ್‌ಆಪ್ ಫೋಟೊ, ಸ್ಟೇಟಸ್ ನಿಮ್ಮ ನಂಬರ್ ಪಟ್ಟಿಯವರಿಗೆ ಮಾತ್ರ ಕಾಣಲಿ. ಶರಣಬಸವೇಶ್ವರ ಜಾತ್ರೆಯ ಫೋಟೊ ಮನೆಗೆ ಬಂದ ಮೇಲೆ ಹಾಕಿ, ತೇರಿನ ಮುಂದೆ ನಿಂತಾಗ ಬೇಡ. ಇನ್‌ಸ್ಟಾಗ್ರಾಂನಲ್ಲಿ ಬ್ಲಾಕ್ ಮಾಡುವಾಗ, ಅವನು ತೆರೆಯುವ ಹೊಸ ಅಕೌಂಟ್‌ಗಳನ್ನೂ ಸೇರಿಸುವ ಆಯ್ಕೆ ಇದೆ, ಅದನ್ನೇ ಒತ್ತಿ. ಆದರೆ ಸ್ಕ್ರೀನ್‌ಶಾಟ್ ಆದ ಮೇಲೆ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಊರಿನ ಠಾಣೆಗೆ ಹೋಗಲು ಸಂಕೋಚವಾದರೆ ಬೇರೆ ಕಡೆ ಕೊಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ವೆಬ್‌ಸೈಟಿನಲ್ಲೂ ಬರೆಯಬಹುದು. ಅವನು ಮನೆ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಬಂದು ನಿಂತರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳ ಸಹಾಯವಾಣಿ 181. ಈಗಲೇ ಬರೆದುಕೊಳ್ಳಿ: 112, 181.