ಮಾಜುಲಿಯಲ್ಲಿ ಒಂದು ಹಗಲು

ಕೇಳುಗರಿಗೆ ನಮಸ್ಕಾರ.

ಅಸ್ಸಾಮಿನ ಜೋರಹಾಟ್ ಪಟ್ಟಣದಿಂದ ಸುಮಾರು 14 ಕಿಲೋಮೀಟರ್ ಹೋದರೆ ಬ್ರಹ್ಮಪುತ್ರದ ದಡದಲ್ಲಿ ನಿಮಾಟಿ ಘಾಟ್ ಸಿಗುತ್ತದೆ. ಜನರನ್ನೂ ಬೈಕುಗಳನ್ನೂ ಸಾಮಾನಿನ ಮೂಟೆಗಳನ್ನೂ ಒಟ್ಟಿಗೆ ಹೇರಿಕೊಂಡ ಫೆರ್ರಿ ಅಲ್ಲಿಂದ ಹೊರಟು, ಮರಳದಿಣ್ಣೆಗಳನ್ನು ಬಳಸಿಕೊಂಡು, ಸುಮಾರು ಒಂದು ಗಂಟೆಯಲ್ಲಿ ಮಾಜುಲಿ ದ್ವೀಪದ ಕಮಲಾಬಾರಿ ಘಾಟನ್ನು ಮುಟ್ಟುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕೊನೆಯ ಫೆರ್ರಿ ಕತ್ತಲಿಗೆ ಮೊದಲೇ ಹೊರಟುಬಿಡುತ್ತದೆ. ಆದ್ದರಿಂದ ಒಂದೇ ದಿನದಲ್ಲಿ ಹೋಗಿಬರುವವರು ಬೆಳಗಿನ ಮೊದಲ ಫೆರ್ರಿಯನ್ನೇ ಹಿಡಿಯಬೇಕು. ಅದಕ್ಕಿಂತ ಮುಖ್ಯವಾಗಿ, ಏನನ್ನು ನೋಡದೆ ಬಿಡುವುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಹೆಚ್ಚಿನ ಪ್ರವಾಸಿಗರು ಮಾಜುಲಿಗೆ ಹೋಗುವುದು ಸತ್ರಗಳಿಗಾಗಿ. ಅಸ್ಸಾಮಿನ ಸಂತ ಶ್ರೀಮಂತ ಶಂಕರದೇವರು ಹರಡಿದ ವೈಷ್ಣವ ಪಂಥದ ಮಠಗಳಿವು. ಔನಿಯಾಟಿ, ದಖಿನ್‌ಪಾಟ್, ಗರಮೂರ್, ಕಮಲಾಬಾರಿ ಎಂದು ಒಂದೊಂದಕ್ಕೂ ಅರ್ಧ ಗಂಟೆ ಕೊಟ್ಟು ಓಡಿದರೆ ಹಗಲು ಅಲ್ಲಿಗೇ ಮುಗಿಯುತ್ತದೆ. ಒಂದು ಸತ್ರ, ಒಂದು ಕುಂಬಾರರ ಊರು, ಮಿಸಿಂಗ್ ಬುಡಕಟ್ಟಿನ ಜನರ ಒಂದು ಊರು, ಅವರ ಮನೆಯಲ್ಲೇ ಮಧ್ಯಾಹ್ನದ ಊಟ, ಇಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಈ ದ್ವೀಪದ ಬದುಕನ್ನು ತಿದ್ದುತ್ತ ಬಂದಿರುವುದು ನೆರೆ. ಅದು ಕಣ್ಣಿಗೆ ಬೀಳುವುದು ಅಲ್ಲಿಯ ಮನೆಗಳಲ್ಲಿ ಮತ್ತು ಅಡುಗೆಯಲ್ಲಿ.

1950ರ ಆಗಸ್ಟ್ 15ರಂದು 8.6ರ ತೀವ್ರತೆಯ ಭೂಕಂಪ ಅಸ್ಸಾಮನ್ನು ನಡುಗಿಸಿದಾಗ, ಕುಸಿದ ಬೆಟ್ಟಗಳ ಮಣ್ಣು ನದಿಯನ್ನು ಸೇರಿ ಅದರ ಪಾತ್ರವೇ ಎತ್ತರವಾಯಿತು. ಆಮೇಲೆ ನೆರೆಯೂ ದಂಡೆಯ ಕೊರೆತವೂ ಹೆಚ್ಚಿದವು. ನೂರು ವರ್ಷಗಳ ಹಿಂದೆ ಇದ್ದ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ನೀರುಪಾಲಾಗಿದೆ. 2016ರಲ್ಲಿ ದೇಶದ ಮೊದಲ ನದಿದ್ವೀಪ ಜಿಲ್ಲೆಯಾದ ಮಾಜುಲಿಯಲ್ಲಿ, ಮನೆಮಠಗಳನ್ನು ಕಿತ್ತು ಒಳನಾಡಿಗೆ ಸರಿದು ಮತ್ತೆ ಕಟ್ಟಿಕೊಂಡ ಊರುಗಳು ಅನೇಕ.

ಬೆಳಗಿನ ತಿಂಡಿಗೆ ಅಲ್ಲಿ ಜಲಪಾನ್ ಎನ್ನುತ್ತಾರೆ. ಅವಲಕ್ಕಿ, ಗಟ್ಟಿ ಮೊಸರು, ಬೆಲ್ಲ ಎಲ್ಲ ಕಡೆಯೂ ಸಿಗುತ್ತವೆ. ಆದರೆ ಕೇಳಿ ತಿನ್ನಬೇಕಾದದ್ದು ಕೋಮಲ್ ಸಾಉಲ್. ಭತ್ತವನ್ನು ಕುದಿಸಿ ಒಣಗಿಸಿ ಕುಟ್ಟಿ ಮಾಡಿದ ಈ ಅಕ್ಕಿಯನ್ನು ತಣ್ಣೀರಿನಲ್ಲಿ ನೆನೆಸಿಟ್ಟರೆ ಸಾಕು, ಒಲೆಯ ಹಂಗಿಲ್ಲದೆ ಅನ್ನದಂತೆ ಮೆತ್ತಗಾಗುತ್ತದೆ. ಸೌದೆ ಒದ್ದೆಯಾಗಿ ಅಂಗಳದಲ್ಲಿ ನೀರು ನಿಂತ ದಿನಗಳಲ್ಲಿ ಇಂಥ ಅಕ್ಕಿಯ ಬೆಲೆ ಏನೆಂಬುದನ್ನು ಯಾರಾದರೂ ಊಹಿಸಬಹುದು. ನೆರೆಯ ಜೊತೆಗೇ ಬೆಳೆಯುವ ಭತ್ತವೂ ಇಲ್ಲಿದೆ. ಬಾವೊ ಎಂಬ ಈ ತಳಿಯನ್ನು ಮಾರ್ಚ್, ಏಪ್ರಿಲ್ ಹೊತ್ತಿಗೆ ಬಿತ್ತಿದರೆ, ನೀರು ಏರಿದಂತೆ ಅದರ ಕಾಂಡವೂ ಉದ್ದವಾಗುತ್ತ ತೆನೆಯನ್ನು ಮೇಲೆಯೇ ಹಿಡಿದಿರುತ್ತದೆ, ಕೊಯ್ಲು ಚಳಿಗಾಲದಲ್ಲಿ. ಅದರ ಅನ್ನ ಕೆಂಪು, ಸ್ವಲ್ಪ ಒರಟು.

ಸಾಲ್ಮೋರಾ ಕುಂಬಾರರ ಊರು. ಅಲ್ಲಿ ತಿರುಗುವ ಚಕ್ರವನ್ನು ಹುಡುಕಬೇಡಿ. ನದಿದಂಡೆಯ ಜೇಡಿಮಣ್ಣನ್ನು ಗಂಡಸರು ಅಗೆದು ತರುತ್ತಾರೆ, ಹೆಂಗಸರು ಅದನ್ನು ಕೈಯಿಂದಲೇ ತಿದ್ದಿ ತಟ್ಟಿ ಮಡಕೆಯಾಗಿಸುತ್ತಾರೆ. ಸುಡುವುದಕ್ಕೆ ಬೇಕಾದ ಸೌದೆಯನ್ನೂ ನದಿಯೇ ತೇಲಿಸಿ ತರುತ್ತದೆ. ಮಡಕೆಗಳನ್ನು ದೋಣಿಯಲ್ಲಿ ಊರೂರಿಗೆ ಒಯ್ದು, ಹಣಕ್ಕೆ ಮಾತ್ರವಲ್ಲದೆ ಭತ್ತಕ್ಕೂ ಕೊಡುವುದು ಅವರಲ್ಲಿ ಹಿಂದಿನಿಂದ ಬಂದ ವಾಡಿಕೆ.

ಮಿಸಿಂಗ್ ಊರಿನಲ್ಲಿ ಊಟ ಬೇಕಾದರೆ ಬೆಳಿಗ್ಗೆಯೇ ಹೇಳಿಟ್ಟಿರಬೇಕು. ಹಸಿವಾದಾಗ ಹುಡುಕಿಕೊಂಡು ಹೋಗಲು ಅದು ಹೋಟೆಲಲ್ಲ. ಅವರ ಚಾಂಗ್ ಘರ್ ಕಂಬಗಳ ಮೇಲೆ ನಿಂತ ಉದ್ದನೆಯ ಬಿದಿರಿನ ಮನೆ. ಕೆಳಗೆ ಹಂದಿ, ಕೋಳಿ, ಮಗ್ಗ, ಮೇಲೆ ಸಂಸಾರ. ಒಳಗೆ ಒಲೆ, ಒಲೆಯ ಮೇಲೆ ತೂಗುಬಿಟ್ಟ ಅಟ್ಟಣಿಗೆ, ಅದರಲ್ಲಿ ಹೊಗೆಗೆ ಒಣಗುತ್ತಿರುವ ಮೀನು. ಹೀಗೆ ಒಣಗಿದ ಸಣ್ಣ ಮೀನನ್ನು ಕೆಸುವಿನ ದಂಟಿನೊಂದಿಗೆ ಕುಟ್ಟಿ ಬಿದಿರಿನ ಕೊಳವೆಯಲ್ಲಿ ತುಂಬಿಟ್ಟರೆ ಅದು ನಾಮ್ಸಿಂಗ್. ಬಹುಕಾಲ ಕೆಡದ ಇದರ ಒಂದು ಚಿಟಿಕೆ ಇಡೀ ಪಾತ್ರೆಯ ಸಾರಿಗೆ ರುಚಿ ಕೊಡುತ್ತದೆ. ವಾಸನೆ ಮಾತ್ರ ಖಡಕ್ಕಾದದ್ದು. ಒಣಮೀನು ತಿಂದು ಬೆಳೆದವರಿಗೆ ಹಿತ, ಉಳಿದವರಿಗೆ ಪರೀಕ್ಷೆ. ಅದರ ಜೊತೆಗೆ ಪುರಾಂಗ್ ಅಪಿನ್ ಬರುತ್ತದೆ, ಅಂದರೆ ತೋರಾ ಎಲೆಯಲ್ಲಿ ಪೊಟ್ಟಣ ಕಟ್ಟಿ ಬೇಯಿಸಿದ ಅಕ್ಕಿ. ಎಲೆ ಬಿಚ್ಚಿದಾಗ ಏಳುವ ಪರಿಮಳಕ್ಕೆ ಇನ್ನೊಂದು ವ್ಯಂಜನ ಬೇಕಿಲ್ಲ.

ಅಸ್ಸಾಮೀ ಮನೆಗಳ ಊಟದ ಕ್ರಮ ಬೇರೆ. ಅಲ್ಲಿ ಒಣ ಬಾಳೆಸಿಪ್ಪೆಯ ಬೂದಿಯಿಂದ ಸೋಸಿ ತೆಗೆದ ಕ್ಷಾರದ ಅಡುಗೆಯಾದ ಖಾರ್ ಮೊದಲು, ಹುಳಿ ಹಾಕಿದ ಮೀನುಸಾರಾದ ಟೆಂಗಾ ಕೊನೆಗೆ. ಆ ಹುಳಿಗೆ ಬಳಸುವ ಥೇಕೆರಾ ನಮ್ಮ ಮಲೆನಾಡಿನ ಉಪ್ಪಾಗೆ, ಪುನರ್ಪುಳಿಗಳ ಕುಲಕ್ಕೇ ಸೇರಿದ್ದು.

ಮಿಸಿಂಗರು ಅತಿಥಿಗೆ ಕೊಡುವ ಅಪೊಂಗ್ ಅಕ್ಕಿಯಿಂದ ಮನೆಯಲ್ಲೇ ತಯಾರಿಸಿದ ಮದ್ಯ. ಅದರಲ್ಲಿ ಬಿಳಿ ಮತ್ತು ಕಪ್ಪು ಎಂದು ಎರಡು ಬಗೆ. ಸುಟ್ಟ ಹೊಟ್ಟಿನ ಬೂದಿ ಬೆರೆತದ್ದು ಕಪ್ಪು. ಕುಡಿಯದವರು ವಿನಯದಿಂದ ಬೇಡವೆನ್ನಬಹುದು, ಯಾರೂ ಬೇಸರಿಸುವುದಿಲ್ಲ.

ಉಳಿದ ಹೊತ್ತಿಗೆ ಸಮಗುರಿ ಸತ್ರ. ಭಾವೊನಾ ಎಂಬ ಧಾರ್ಮಿಕ ನಾಟಕಕ್ಕೆ ಬೇಕಾದ ಮುಖವಾಡಗಳನ್ನು ಅಲ್ಲಿ ಬಿದಿರಿನ ಸೀಳುಗಳಿಂದ ಹೆಣೆದು, ಜೇಡಿಯಲ್ಲಿ ಅದ್ದಿದ ಬಟ್ಟೆ ಹೊದಿಸಿ, ಸಗಣಿ ಬೆರೆಸಿದ ಮಣ್ಣಿನಿಂದ ಮೂಗು, ಹುಬ್ಬು ತಿದ್ದಿ ಬಣ್ಣ ಬಳಿಯುತ್ತಾರೆ. ಅಲ್ಲಿಯ ಹಿರಿಯ ಕಲಾವಿದ ಹೇಮಚಂದ್ರ ಗೋಸ್ವಾಮಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಮರುವರ್ಷ ಮಾಜುಲಿಯ ಮುಖವಾಡಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹಿಂದಿರುಗುವ ಫೆರ್ರಿಯ ಸಮಯವನ್ನು ಬೆಳಿಗ್ಗೆ ಇಳಿದ ಕೂಡಲೇ ಘಾಟಿನಲ್ಲಿ ಕೇಳಿಟ್ಟುಕೊಂಡಿದ್ದರೆ ಇಲ್ಲಿ ನಿಶ್ಚಿಂತೆಯಿಂದ ಕೂರಬಹುದು.

ಹೋಗಲು ತಕ್ಕ ಕಾಲ ನವೆಂಬರಿನಿಂದ ಮಾರ್ಚ್. ಫೆಬ್ರವರಿಯ ನಡುವೆ, ಫಾಗುನ್ ಮಾಸದ ಮೊದಲ ಬುಧವಾರ, ಮಿಸಿಂಗರ ಬಿತ್ತನೆಯ ಹಬ್ಬ ಆಲಿ ಆಯೆ ಲಿಗಾಂಗ್ ಬರುತ್ತದೆ. ದಿನ ಆರಿಸಿಕೊಳ್ಳುವ ಅನುಕೂಲವಿದ್ದವರು ಆ ಬುಧವಾರವನ್ನೇ ಆರಿಸಿಕೊಳ್ಳಲಿ.

ನಮಸ್ಕಾರ.