ಲಸಿಕೆ ಇದೆ, ಬಿಡುವು ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಯುದ್ಧದ ನಡುವೆ ಸಿಕ್ಕಿಕೊಂಡ ಮಕ್ಕಳಿಗೆ ನೆರವು ಅಂದ ಕೂಡಲೇ ನಮಗೆ ನೆನಪಾಗುವುದು ಲಾರಿ ತುಂಬ ಬಿಸ್ಕತ್ತು, ಕಂಬಳಿ, ಔಷಧಿ. ಅವೆಲ್ಲ ಬೇಕೇ ಬೇಕು. ಆದರೆ ಲಾರಿ ತುಂಬಿಸುವುದು ಹೇಗೋ ಆಗುತ್ತದೆ. ಆ ಲಾರಿ ಊರೊಳಗೆ ಹೋಗಿ ಬರುವಷ್ಟು ಹೊತ್ತು ಗುಂಡು ಹಾರಿಸಬೇಡಿ ಎಂದು ಬಂದೂಕು ಹಿಡಿದವರನ್ನು ಒಪ್ಪಿಸುವುದಿದೆಯಲ್ಲ, ಕಷ್ಟ ಇರುವುದೇ ಅಲ್ಲಿ.

ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್. ಅಲ್ಲಿ 1980ರಿಂದ ಸರ್ಕಾರಿ ಸೇನೆಗೂ ಎಡಪಂಥೀಯ ಗೆರಿಲ್ಲಾಗಳಿಗೂ ಅಂತರ್ಯುದ್ಧ. ಆಗ ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ನ ಮುಖ್ಯಸ್ಥರಾಗಿದ್ದವರು ಜೇಮ್ಸ್ ಗ್ರಾಂಟ್. ಆ ದೇಶದ ಅಧ್ಯಕ್ಷ ದುವಾರ್ತೆ ಅವರ ಮುಂದೆ ಗ್ರಾಂಟ್ ಇಟ್ಟ ವಾದ ನೇರವಾಗಿತ್ತು: ಗುಂಡಿಗಿಂತ ಜಾಸ್ತಿ ಮಕ್ಕಳು ಸಾಯುತ್ತಿರುವುದು ಲಸಿಕೆಯಿಂದ ತಡೆಯಬಹುದಾದ ಕಾಯಿಲೆಗಳಿಂದ. ಸರ್ಕಾರವೇನೋ ಒಪ್ಪಿತು. ಕಾಡಿನಲ್ಲಿದ್ದವರನ್ನು ಒಪ್ಪಿಸುವವರು ಯಾರು? ಎರಡೂ ಕಡೆಯವರು ಮಾತು ಕೇಳುತ್ತಿದ್ದ ಕ್ಯಾಥೊಲಿಕ್ ಚರ್ಚ್ ಮಧ್ಯೆ ಬಂತು. 1985ರಲ್ಲಿ ಮೂರು ಭಾನುವಾರ ಕಾಳಗಕ್ಕೆ ಬಿಡುವು ಸಿಕ್ಕಿತು. ಮೂರೇ ಯಾಕೆ ಅಂದರೆ, ಪೋಲಿಯೊ, ನಾಯಿಕೆಮ್ಮಿನ ಲಸಿಕೆಗಳನ್ನು ಕೆಲವು ವಾರ ಬಿಟ್ಟು ಬಿಟ್ಟು ಮೂರು ಸಲ ಕೊಡಬೇಕು. ಅಂದರೆ ಒಂದು ಸಲ ಮಾತು ಕೊಟ್ಟರೆ ಸಾಲದು, ಮೂರು ಸಲ ಉಳಿಸಿಕೊಳ್ಳಬೇಕು. ಸುಮಾರು ಎರಡೂವರೆ ಲಕ್ಷ ಮಕ್ಕಳಿಗೆ ಲಸಿಕೆ ಸಿಕ್ಕಿತು. 1992ರಲ್ಲಿ ಯುದ್ಧ ಮುಗಿಯುವವರೆಗೂ ವರ್ಷ ವರ್ಷ ಇದು ನಡೆಯಿತು.

ಈಗ ಗಾಜಾಕ್ಕೆ ಬನ್ನಿ. 2024ರ ಆಗಸ್ಟ್‌ನಲ್ಲಿ ಅಲ್ಲಿ ಹತ್ತು ತಿಂಗಳ ಮಗುವಿಗೆ ಪೋಲಿಯೊ ತಗುಲಿದ್ದು ಖಚಿತವಾಯಿತು. 25 ವರ್ಷದಲ್ಲಿ ಅಲ್ಲಿ ಅದೇ ಮೊದಲು. ಒಡೆದ ಚರಂಡಿ, ಕೊಳಚೆ ನೀರು, ತಪ್ಪಿಹೋದ ಲಸಿಕೆ, ಎಲ್ಲ ಸೇರಿದರೆ ಇನ್ನೇನಾಗುತ್ತದೆ? ಸೆಪ್ಟೆಂಬರ್‌ನಲ್ಲಿ ಮೊದಲ ಸುತ್ತಿನ ಲಸಿಕೆ. ನಮ್ಮ ಪಲ್ಸ್ ಪೋಲಿಯೊ ಭಾನುವಾರ ನೋಡುತ್ತೇವಲ್ಲ, ಹಾಗೇ: ನಾಲಿಗೆ ಮೇಲೆ ಎರಡು ಹನಿ, ಬೆರಳಿಗೆ ಶಾಯಿ ಗುರುತು. ಆದರೆ ಅಲ್ಲಿ ಯಾವ ಭಾಗದಲ್ಲಿ ಯಾವ ದಿನ, ಎಷ್ಟು ಗಂಟೆವರೆಗೆ ದಾಳಿ ನಿಲ್ಲುತ್ತದೆ ಎಂದು ಮೊದಲೇ ಮಾತಾಗಬೇಕಿತ್ತು. ಕರೆಂಟ್ ಇಲ್ಲದ ಊರಲ್ಲಿ ಲಸಿಕೆಯ ಬಾಟಲಿ ತಣ್ಣಗಿರಬೇಕಿತ್ತು. ಇಷ್ಟರ ಮಧ್ಯೆಯೂ ಹತ್ತು ವರ್ಷದೊಳಗಿನ ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹನಿ ಹಾಕಿದರು.

ಎರಡನೇ ಸುತ್ತು ಅಷ್ಟು ಸಲೀಸಾಗಲಿಲ್ಲ. ಉತ್ತರ ಗಾಜಾದಲ್ಲಿ ಬಾಂಬ್ ದಾಳಿ ಜೋರಾಗಿ, ಲಸಿಕೆ ಮುಂದಕ್ಕೆ ಹೋಯಿತು. ಅಲ್ಲಿ ನವೆಂಬರ್ 2ರಂದು ಶುರುವಾದಾಗ ಬಿಡುವು ಸಿಕ್ಕಿದ್ದು ಗಾಜಾ ನಗರಕ್ಕೆ ಮಾತ್ರ. ಅವತ್ತೇ ಒಂದು ಲಸಿಕಾ ಕೇಂದ್ರದ ಮೇಲೆ ದಾಳಿಯಾಯಿತು. ನಾಲ್ಕು ಮಕ್ಕಳು ಸೇರಿ ಆರು ಜನರಿಗೆ ಗಾಯವಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಉತ್ತರದಲ್ಲೇ ಇರುವ ಜಬಾಲಿಯಾ, ಬೈತ್ ಲಾಹಿಯಾ, ಬೈತ್ ಹನೂನ್ ಕಡೆಯ ಸುಮಾರು 15,000 ಮಕ್ಕಳ ಹತ್ತಿರ ಹೋಗಲೇ ಆಗಲಿಲ್ಲ.

ಕೆಲವರು ಕೇಳುತ್ತಾರೆ: ಬೆಳಿಗ್ಗೆ ಲಸಿಕೆ, ಸಂಜೆ ಬಾಂಬ್, ಇದೆಂಥ ಮಾನವೀಯತೆ? ಸುಮ್ನೆ ಯುದ್ಧ ಮಾಡುವವರಿಗೆ ಒಳ್ಳೆ ಹೆಸರು ತಂದುಕೊಟ್ಟಂತೆ ಅಲ್ವಾ? ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾನು ಬಿಡುವಿನ ಪರ. ಕದನವಿರಾಮ ಬರಲಿ ಎಂದು ಪೋಲಿಯೊ ಕಾಯುವುದಿಲ್ಲ. ಆದರೆ ಬಿಡುವು ಕೊಟ್ಟವರಿಗೆ ಸನ್ಮಾನ ಬೇಡ. ಎಂಟು ಗಂಟೆ ನಿಲ್ಲಿಸಲು ಆಗುವುದಾದರೆ ಒಂಬತ್ತನೇ ಗಂಟೆಗೆ ಮತ್ತೆ ಶುರು ಮಾಡಿದ್ದು ಯಾಕೆ ಎಂದು ಅವರನ್ನೇ ಕೇಳಬೇಕು.