ಊರಿಲ್ಲದ ಊರಿಗೆ ಇಬ್ಬರು ಎಂಪಿ

ಎಲ್ಲರಿಗೂ ನಮಸ್ಕಾರ.

1802ನೇ ಇಸವಿ. ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಒಂದು ಹೊಲ. ಹೊಲದಲ್ಲಿ ಒಂದು ಮರ, ಮರದ ಕೆಳಗೆ ಚಪ್ಪರ. ಚಪ್ಪರದೊಳಗೆ ಬೆರಳೆಣಿಕೆಯಷ್ಟು ಜನ. ಮದುವೆ ಅಂದುಕೊಳ್ಳಬೇಡಿ, ಅದು ಪಾರ್ಲಿಮೆಂಟ್ ಚುನಾವಣೆ. ಮತಕ್ಕಾಗಿ ಲಂಚ ಕೊಡೋದು ಅಪರಾಧ ಎನ್ನುವ ಕಾಯ್ದೆಯನ್ನು ಅಲ್ಲಿ ಗಟ್ಟಿಯಾಗಿ ಓದುತ್ತಾರೆ. ಓದಲೇಬೇಕು, ನಿಯಮ. ಎಲ್ಲರೂ ಗಂಭೀರವಾಗಿ ಕೇಳಿಸಿಕೊಳ್ಳುತ್ತಾರೆ. ತಮಾಷೆ ಏನೆಂದರೆ, ಅದೇ ವರ್ಷ ಆ ಕ್ಷೇತ್ರವೇ 60,000 ಪೌಂಡಿಗೆ ಮಾರಾಟವಾಗಿತ್ತು!

ಕ್ಷೇತ್ರದ ಹೆಸರು ಓಲ್ಡ್ ಸೇರಮ್. ಸಾಲ್ಸ್‌ಬರಿ ಪಟ್ಟಣದಿಂದ ಮೂರು ಕಿಲೋಮೀಟರ್ ದೂರದ ಗುಡ್ಡ. ಒಂದು ಕಾಲಕ್ಕೆ ಅಲ್ಲಿ ಕೋಟೆ ಇತ್ತು, ದೊಡ್ಡ ಚರ್ಚ್ ಇತ್ತು, ಜನರಿದ್ದರು. ಆದರೆ ಗುಡ್ಡದ ಮೇಲೆ ವಿಪರೀತ ಗಾಳಿ, ನೀರಿಗೆ ತಾಪತ್ರಯ. ಸಾಲದ್ದಕ್ಕೆ ಪಾದ್ರಿಗಳಿಗೂ ಕೋಟೆಯ ಸೈನಿಕರಿಗೂ ಸದಾ ಜಗಳ. 1220ರಲ್ಲಿ ಕೆಳಗಿನ ಬಯಲಲ್ಲಿ ಹೊಸ ಚರ್ಚಿಗೆ ಅಡಿಗಲ್ಲು ಬಿತ್ತು. ಜನ ಒಬ್ಬೊಬ್ಬರಾಗಿ ಇಳಿದು ಹೋದರು. ಊರು ಹೋಯಿತು, ಪಾರ್ಲಿಮೆಂಟಿನ ಎರಡು ಸೀಟು ಮಾತ್ರ ಹಾಗೇ ಉಳಿದವು.

ಜನರೇ ಇಲ್ಲ ಅಂದ ಮೇಲೆ ವೋಟು ಹಾಕುವವರು ಯಾರು? ಅಲ್ಲಿ ಮತದ ಹಕ್ಕು ಇದ್ದದ್ದು ಮನುಷ್ಯರಿಗಲ್ಲ, ಸೈಟಿಗೆ. ಹಳೆಯ ಕಾಲದಲ್ಲಿ ಮನೆ ಇದ್ದ ಇಂತಿಂಥ ನಿವೇಶನ ಯಾರ ಹೆಸರಲ್ಲಿದೆಯೋ ಅವರಿಗೆ ವೋಟು. ಸೈಟಿನ ಮೇಲೆ ಮನೆ ಇರಲಿ, ಹುಲ್ಲು ಬೆಳೆದಿರಲಿ, ಕಾನೂನಿಗೆ ಅದು ಬೇಕಿರಲಿಲ್ಲ. ಹಾಗಾಗಿ ಎಲ್ಲ ಸೈಟು ಕೊಂಡವನೇ ಧಣಿ. ಚುನಾವಣೆ ಹತ್ತಿರ ಬಂದಾಗ ನಂಬಿಕಸ್ಥರ ಹೆಸರಿಗೆ ಪತ್ರ ಮಾಡಿಕೊಡೋದು, ಮುಗಿದ ಮೇಲೆ ವಾಪಸ್ ತಗೊಳ್ಳೋದು, ಇಂಥ ಕ್ಷೇತ್ರಗಳಲ್ಲಿ ಇದೆಲ್ಲ ಮಾಮೂಲಿಯಾಗಿತ್ತು. 1831ರಲ್ಲಿ ಓಲ್ಡ್ ಸೇರಮ್‌ಗೆ ಇದ್ದ ಮತದಾರರು 11 ಮಂದಿ. ಒಬ್ಬರೂ ಅಲ್ಲಿ ವಾಸವಿರಲಿಲ್ಲ. ಅತ್ತ ಮ್ಯಾಂಚೆಸ್ಟರ್‌ನಲ್ಲಿ ಲಕ್ಷಕ್ಕೂ ಜಾಸ್ತಿ ಜನ, ಆ ಊರಿಗೆ ಸ್ವಂತ ಎಂಪಿ ಒಬ್ಬನೂ ಇಲ್ಲ.

ಇನ್ನು ಈ ಗುಡ್ಡ ಕೊಂಡವರ ವಿಷಯ. ನನಗೆ ಈ ಕಥೆಯಲ್ಲಿ ರುಚಿ ಹತ್ತಿದ್ದೇ ಇಲ್ಲಿ. 1691ರಲ್ಲಿ ಅದನ್ನು ಕೊಂಡವನು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಗೆ ಸೆಡ್ಡು ಹೊಡೆದು, ಅನುಮತಿ ಇಲ್ಲದೆ ಭಾರತದಲ್ಲಿ ವ್ಯಾಪಾರ ಮಾಡಿ ದುಡ್ಡು ಕಂಡವನು. ಇವನನ್ನು ಹೊರಗಿಡೋದಕ್ಕಿಂತ ಒಳಗೆ ಕರೆದುಕೊಳ್ಳೋದೇ ವಾಸಿ ಅನ್ನಿಸಿತೋ ಏನೋ, 1698ರಲ್ಲಿ ಕಂಪನಿಯೇ ಅವನನ್ನು ಮದ್ರಾಸಿನ ಗವರ್ನರ್ ಮಾಡಿತು. ಅಲ್ಲಿ ಜಮ್‌ಚಂದ್ ಎಂಬ ವ್ಯಾಪಾರಿ ಒಂದು ದೊಡ್ಡ ವಜ್ರ ತಂದ. ಹೇಳಿದ ಬೆಲೆ ಎರಡು ಲಕ್ಷ ವರಾಹ. ಪಿಟ್ ಸುಮ್ನೆ ಬಿಡುವವನಲ್ಲ. ಚೌಕಾಸಿ ಮಾಡಿ ಮಾಡಿ 48,000 ವರಾಹಕ್ಕೆ ಇಳಿಸಿದ. 1717ರಲ್ಲಿ ಅದನ್ನು ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದ. ಈಗ ಅದು ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಕ್ಷೇತ್ರ ಮಾತ್ರ ಮನೆತನದಲ್ಲೇ ಉಳಿಯಿತು, ಪಿತ್ರಾರ್ಜಿತ ಆಸ್ತಿಯ ಹಾಗೆ.

1735ರಲ್ಲಿ ಥಾಮಸನ ಮೊಮ್ಮಗ ವಿಲಿಯಮ್ ಪಿಟ್ ಇಲ್ಲಿಂದ ಎಂಪಿ ಆದ. ಅಣ್ಣ ಎರಡು ಕಡೆ ಗೆದ್ದು ಇನ್ನೊಂದು ಸೀಟು ಇಟ್ಟುಕೊಂಡಿದ್ದ, ಖಾಲಿಯಾದದ್ದು ತಮ್ಮನಿಗೆ ಬಂತು. ಮುಂದೆ ದೇಶವನ್ನೇ ನಡೆಸಿದ ಈ ವಿಲಿಯಮ್, 1766ರಲ್ಲಿ ಪಾರ್ಲಿಮೆಂಟಿನಲ್ಲಿ ನಿಂತು, ಇಂಥ ಕ್ಷೇತ್ರಗಳು ನಮ್ಮ ವ್ಯವಸ್ಥೆಯ ಕೊಳೆತ ಭಾಗ, ನೂರು ವರ್ಷ ಬಾಳಲಾರವು ಎಂದ. ಹತ್ತಿದ ಏಣಿಯನ್ನು ಒದ್ದ ಅನ್ನಬಹುದು. ಆದರೆ ಮಾತು ನಿಜವಾಯಿತು ನೋಡಿ, 66 ವರ್ಷವೇ ಸಾಕಾಯಿತು.

1802ರಲ್ಲಿ ಪಿಟ್ ಮನೆತನದಿಂದ ಇದನ್ನು ಕೊಂಡವನು ಕ್ಯಾಲಿಡನ್ ಎಂಬ ಬಿರುದಿನ ಐರಿಷ್ ಜಮೀನ್ದಾರ, ಸ್ವಂತ ಹೆಸರು ಡ್ಯೂಪ್ರೆ ಅಲೆಕ್ಸಾಂಡರ್. ಅವನ ಅಪ್ಪ ದುಡ್ಡು ಮಾಡಿದ್ದೂ ಭಾರತದಲ್ಲೇ. ಆ 'ಡ್ಯೂಪ್ರೆ' ಅನ್ನೋದು ಅವನ ಸೋದರತ್ತೆಯ ಗಂಡನ ಹೆಸರು. ಈ ಮಾವ ನಮಗೂ ದೂರದವನಲ್ಲ. 1769ರಲ್ಲಿ ನಮ್ಮ ಹೈದರಾಲಿ ಕುದುರೆ ಪಡೆಯೊಂದಿಗೆ ಮದ್ರಾಸಿನ ಬಾಗಿಲಿಗೇ ಹೋಗಿ ನಿಂತನಲ್ವಾ? ಆಗ ಮಾತುಕತೆಗೆ ಬಂದ ಇಂಗ್ಲಿಷ್ ಅಧಿಕಾರಿ ಇದೇ ಜೊಸಾಯಸ್ ಡ್ಯೂಪ್ರೆ. ಮರುವರ್ಷ ಅವನೇ ಅಲ್ಲಿನ ಗವರ್ನರ್ ಆದ.

1832ರ ಜೂನ್‌ನಲ್ಲಿ ಸುಧಾರಣಾ ಕಾಯ್ದೆ ಬಂತು. 56 ಕ್ಷೇತ್ರಗಳನ್ನು ಪೂರ್ತಿ ಅಳಿಸಿ ಹಾಕಿದರು. ಓಲ್ಡ್ ಸೇರಮ್ ಕೂಡ ಹೋಯಿತು. ಮ್ಯಾಂಚೆಸ್ಟರ್‌ಗೆ ಇಬ್ಬರು ಎಂಪಿ ಸಿಕ್ಕರು.

ವಿಲಿಯಮ್ ಪಿಟ್‌ನ ಮಗ, ಅವನ ಹೆಸರೂ ವಿಲಿಯಮ್, 1785ರಲ್ಲಿ ಪ್ರಧಾನಿಯಾಗಿದ್ದಾಗ ಇಂಥ 36 ಕ್ಷೇತ್ರಗಳ ಧಣಿಗಳಿಗೆ ಹಣ ಕೊಟ್ಟು ಸೀಟು ಬಿಡಿಸೋಣ, ಅದಕ್ಕೆ ಹತ್ತು ಲಕ್ಷ ಪೌಂಡ್ ಇಡೋಣ ಎಂದಿದ್ದ. ಪಾರ್ಲಿಮೆಂಟ್ ಒಪ್ಪಲಿಲ್ಲ. 1832ರಲ್ಲಿ ಪರಿಹಾರವೇ ಸಿಗಲಿಲ್ಲ. 60,000 ಪೌಂಡ್ ಸುರಿದಿದ್ದ ಕ್ಯಾಲಿಡನ್ ಕೈಯಲ್ಲಿ ಉಳಿದದ್ದು ಬರೀ ಹೊಲ.